ಬಾಗಿಲಿಗೆ ಬಂದ ಪೊಲೀಸ್ ಮತ್ತು ನಮ್ಮೊಳಗಿನ ಭಯ

ಭಟ್ಕಳದ ಒಂದು ಮೊಹಲ್ಲಾ. ಮಧ್ಯಾಹ್ನದ ನಮಾಝ್ ಮುಗಿದಿದೆ. ಸಮವಸ್ತ್ರ ಧರಿಸಿದ ಪೇದೆಯೊಬ್ಬರು ಬೈಕ್ ನಿಲ್ಲಿಸಿ ಒಂದು ಮನೆಯ ಬಾಗಿಲು ತಟ್ಟುತ್ತಾರೆ. ಮನೆಯ ಯಜಮಾನ ದುಬೈಯಲ್ಲಿದ್ದಾನೆ. ಒಳಗಿರುವುದು ಅವನ ವೃದ್ಧ ತಾಯಿ, ಪತ್ನಿ ಮತ್ತು ಶಾಲೆಗೆ ಹೋಗುವ ಮಕ್ಕಳು. ಆ ತಾಯಿಯ ಎದೆಯಲ್ಲಿ ಮೊದಲು ಮೂಡುವ ಪ್ರಶ್ನೆ ಯಾವುದಾಗಿರಬಹುದು? 'ಬನ್ನಿ, ಏನು ವಿಷಯ' ಎಂದು ಆಕೆ ಸಹಜವಾಗಿ ಕೇಳಬಲ್ಲಳೇ? ಅಥವಾ 'ಅಲ್ಲಾಹ್, ನಮ್ಮ ಹುಡುಗ ಏನು ಮಾಡಿಕೊಂಡ?' ಎಂದು ಕಂಪಿಸುವಳೇ? ಅಷ್ಟಕ್ಕೂ, ಕಳ್ಳನಿಂದ ತನ್ನನ್ನು ರಕ್ಷಿಸಲೆಂದೇ ಸರಕಾರ ನೇಮಿಸಿರುವ ವ್ಯಕ್ತಿಯನ್ನು ಕಂಡಾಗ ಯಾವ ತಪ್ಪನ್ನೂ ಮಾಡದ ಓರ್ವ ತಾಯಿ ಹೆದರುತ್ತಾಳೆಂದರೆ, ಆ ಭಯವನ್ನು ಹುಟ್ಟುಹಾಕಿದವರು ಯಾರು?

ಈ ಪ್ರಶ್ನೆಯನ್ನು ಮುಂದಕ್ಕೆ ತಳ್ಳುವಂತಿಲ್ಲ. ಯಾಕೆಂದರೆ, 2025ರ ಜುಲೈಯಲ್ಲಿ ಕರ್ನಾಟಕ ಸರಕಾರವು 'ಮನೆ ಮನೆಗೆ ಪೊಲೀಸ್' ಎಂಬ ಕಾರ್ಯಕ್ರಮಕ್ಕೆ ಚಾಲನೆ ನೀಡಿತು. ಪ್ರತಿ ಠಾಣೆಯ ವ್ಯಾಪ್ತಿಯನ್ನು ಮನೆಗಳ ಸಣ್ಣ ಸಣ್ಣ ಗುಂಪುಗಳಾಗಿ ವಿಂಗಡಿಸುವುದು, ಬೀಟ್ ಪೊಲೀಸರು ಮನೆಗಳಿಗೆ ತೆರಳಿ ತಮ್ಮನ್ನು ಪರಿಚಯಿಸಿಕೊಳ್ಳುವುದು, ಜನರ ದೂರು-ದುಮ್ಮಾನ ಆಲಿಸುವುದು, ಅಪರಾಧಗಳ ಬಗ್ಗೆ ಎಚ್ಚರಿಸುವುದು ಇದರ ಉದ್ದೇಶ. ಗೃಹ ಸಚಿವ ಡಾ. ಜಿ. ಪರಮೇಶ್ವರ್ ಉದ್ಘಾಟಿಸಿದ ಈ ಕಾರ್ಯಕ್ರಮ ಬೆಂಗಳೂರಿನ ಬಡಾವಣೆಗೆ ಒಂದು ಅರ್ಥವನ್ನು ಕೊಟ್ಟರೆ, ಭಟ್ಕಳ, ಹೊನ್ನಾವರ ಮತ್ತು ಕುಮಟಾದ ಓಣಿಗಳಿಗೆ ಇನ್ನೊಂದು ಅರ್ಥವನ್ನು ಕೊಡುತ್ತದೆ. ಬೆಂಗಳೂರಿನಲ್ಲಿ ಅದೊಂದು ಸೇವೆ. ಇಲ್ಲಿ ಅದು ಸೇವೆಯೂ ಆಗಬಹುದು, ಕಣ್ಗಾವಲೂ ಆಗಬಹುದು. ಯಾವುದಾಗಬೇಕೆಂಬುದನ್ನು ನಿರ್ಧರಿಸುವುದರಲ್ಲಿ ಪೊಲೀಸರ ಪಾಲಿದೆ. ನಮ್ಮ ಪಾಲೂ ಇದೆ.

ಭಟ್ಕಳದ ಮುಸ್ಲಿಮ್ ಕುಟುಂಬವೊಂದು ಪೊಲೀಸರ ಮುಖ ನೋಡುವ ಸಂದರ್ಭಗಳು ಎಷ್ಟಿವೆ? ಪಾಸ್‌ಪೋರ್ಟ್ ಪರಿಶೀಲನೆ ಒಂದು. ಗಲ್ಫ್ ದೇಶಗಳನ್ನು ನೆಚ್ಚಿಕೊಂಡಿರುವ ಊರಾದ್ದರಿಂದ ಹೆಚ್ಚಿನ ಮನೆಗಳಿಗೆ ಪೊಲೀಸರ ಪರಿಚಯವಾಗುವುದೇ ಈ ಮೂಲಕ. ಹಬ್ಬಗಳ ಮುಂಚಿನ ಶಾಂತಿ ಸಭೆ ಇನ್ನೊಂದು. ಅದಕ್ಕೆ ಹೋಗುವುದು ಹತ್ತಿಪ್ಪತ್ತು ಮಂದಿ ಹಿರಿಯರು ಮಾತ್ರ. ಮೂರನೆಯದು, ತನಿಖೆ. ಯಾರನ್ನೋ ಹುಡುಕಿಕೊಂಡು, ಯಾವುದೋ ಪ್ರಕರಣದ ಹೆಸರು ಹೇಳಿಕೊಂಡು ಬರುವ ವಾಹನಗಳು. ಈ ಮೂರರ ನಡುವೆ ಏನೂ ಇಲ್ಲ. ಒಂದು ಮನೆಯಲ್ಲಿ ಕಳವಾದಾಗ, ಒಬ್ಬ ಹೆಣ್ಣುಮಗಳನ್ನು ಯಾರೋ ಹಿಂಬಾಲಿಸಿದಾಗ, ಮಗ ಗಾಂಜಾದ ಬಲೆಗೆ ಬಿದ್ದಾಗ ಹೆಸರು ಹಿಡಿದು ಕರೆಯಬಹುದಾದ ಒಬ್ಬ ಪೇದೆಯ ಪರಿಚಯ ನಮಗಿಲ್ಲ. ಈ ಖಾಲಿ ಜಾಗವೇ ಎಲ್ಲ ಅನಾಹುತಗಳ ತವರು. ಖಾಲಿ ಜಾಗ ಖಾಲಿಯಾಗಿ ಉಳಿಯುವುದಿಲ್ಲ. ಶಾಂತಿ ಇರುವಾಗ ಅದನ್ನು ಮಧ್ಯವರ್ತಿಗಳು ತುಂಬುತ್ತಾರೆ. ಅಶಾಂತಿ ಬಂದಾಗ ವದಂತಿ ತುಂಬುತ್ತದೆ.

ವದಂತಿಯ ಶಕ್ತಿ ಏನೆಂಬುದನ್ನು ಉತ್ತರ ಕನ್ನಡದ ಕರಾವಳಿಗೆ ವಿವರಿಸಬೇಕಾಗಿಲ್ಲ. 2017ರ ಡಿಸೆಂಬರ್ ಮೊದಲ ವಾರದಲ್ಲಿ ಹೊನ್ನಾವರದಲ್ಲಿ ಎರಡು ಸಮುದಾಯಗಳ ಯುವಕರ ನಡುವೆ ಘರ್ಷಣೆಯಾಯಿತು. ಡಿಸೆಂಬರ್ 6ರಂದು ಮೀನುಗಾರ ಕುಟುಂಬದ ಯುವಕನೊಬ್ಬ ಕಾಣೆಯಾದ. 8ರಂದು ಆತನ ಶವ ಶೆಟ್ಟಿಕೆರೆಯಲ್ಲಿ ಪತ್ತೆಯಾಯಿತು. ಆ ಮನೆಯವರ ದುಃಖವನ್ನು ಮತ್ತೆ ಕೆದಕಬಾರದೆಂಬ ಕಾರಣಕ್ಕಾಗಿ ಇಲ್ಲಿ ಹೆಸರು ಬರೆಯುತ್ತಿಲ್ಲ. ಚಿತ್ರಹಿಂಸೆ ಕೊಟ್ಟು ಕೊಂದು ಕೆರೆಗೆ ಎಸೆಯಲಾಗಿದೆ ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಕೆಲವು ರಾಜಕಾರಣಿಗಳು ಅದಕ್ಕೆ ತಮ್ಮ ದನಿಯನ್ನೂ ಸೇರಿಸಿದರು. 11ರಂದು ಕುಮಟಾದಲ್ಲಿ ಪ್ರತಿಭಟನೆ ಹಿಂಸೆಗೆ ತಿರುಗಿ, ಪಶ್ಚಿಮ ವಲಯದ ಐಜಿಪಿಯವರ ವಾಹನಕ್ಕೇ ಬೆಂಕಿ ಹಚ್ಚಲಾಯಿತು. ಮರುದಿನ ಶಿರಸಿ ಹೊತ್ತಿತು. ಮಣಿಪಾಲದ ವಿಧಿವಿಜ್ಞಾನ ತಜ್ಞರಿಗೆ ಪೊಲೀಸರು ಪ್ರಶ್ನೆಗಳನ್ನು ಕಳುಹಿಸಿ, ಚಿತ್ರಹಿಂಸೆಯ ಗುರುತುಗಳಿಲ್ಲ ಎಂಬ ಉತ್ತರ ಪಡೆದು ಬಹಿರಂಗಪಡಿಸಿದರು. ಆದರೆ ಅಷ್ಟರಲ್ಲಿ ಸುಳ್ಳು ಘಟ್ಟ ಹತ್ತಿಯಾಗಿತ್ತು.

ಪ್ರಕರಣ ಸಿಬಿಐಗೆ ಹೋಯಿತು. ಮುಂದಿನ ಮೇ ತಿಂಗಳಲ್ಲಿ ವಿಧಾನಸಭಾ ಚುನಾವಣೆ ಬಂತು. ಆ ಯುವಕನ ಸಾವು ಚುನಾವಣೆಯ ವಿಷಯವಾಯಿತು. 2022ರ ಅಕ್ಟೋಬರ್‌ನಲ್ಲಿ ಸಿಬಿಐ ಹೊನ್ನಾವರದ ನ್ಯಾಯಾಲಯಕ್ಕೆ ಅಂತಿಮ ವರದಿ ಸಲ್ಲಿಸಿತು. ಅದು ಕೊಲೆಯಲ್ಲ, ಆಕಸ್ಮಿಕವಾಗಿ ನೀರಿನಲ್ಲಿ ಮುಳುಗಿ ಸಂಭವಿಸಿದ ಸಾವು ಎಂದಿತು. ಸುಮಾರು ಐದು ವರ್ಷ! ಈ ಐದು ವರ್ಷಗಳಲ್ಲಿ ಆರೋಪಿಗಳಾಗಿ ಬಂಧಿತರಾದ ಮುಸ್ಲಿಮ್ ಯುವಕರು ಕೊಲೆಗಾರರೆಂಬ ಹಣೆಪಟ್ಟಿ ಹೊತ್ತು ಬದುಕಿದರು. ಈ ಐದು ವರ್ಷಗಳಲ್ಲಿ ಮಗನನ್ನು ಕಳಕೊಂಡ ಆ ಬಡ ಕುಟುಂಬಕ್ಕೂ ನೆಮ್ಮದಿ ಇರಲಿಲ್ಲ. ಕಲ್ಲೆಸೆದು ಕೇಸು ಹಾಕಿಸಿಕೊಂಡ ಹಿಂದೂ ಯುವಕರು ನ್ಯಾಯಾಲಯಕ್ಕೆ ಅಲೆದರು. ಗಳಿಸಿದವರು ಯಾರು? ಯಾವ ಓಣಿಯಲ್ಲೂ ವಾಸಿಸದವರು.

ಈ ಇಡೀ ದುರಂತದಲ್ಲಿ ನಾವು ಕೇಳದೇ ಬಿಟ್ಟ ಪ್ರಶ್ನೆಯೊಂದಿದೆ. ಡಿಸೆಂಬರ್ 6ರಿಂದ 11ರ ವರೆಗಿನ ಆ ಐದು ದಿನಗಳಲ್ಲಿ, ಹೊನ್ನಾವರದ ಮೀನುಗಾರರ ಕೇರಿಯ ತಾಯಂದಿರು 'ಇವರು ಹೇಳಿದರೆ ನಿಜ' ಎಂದು ನಂಬಬಹುದಾದ ಒಬ್ಬ ಪೇದೆ ಇದ್ದರೇ? ಮುಸ್ಲಿಮ್ ಓಣಿಯ ತಂದೆಯೊಬ್ಬ 'ನನ್ನ ಮಗ ಆ ರಾತ್ರಿ ಮನೆಯಲ್ಲಿದ್ದ, ಬಂದು ಕೇಳಿ' ಎಂದು ಧೈರ್ಯದಿಂದ ಫೋನ್ ಮಾಡಬಹುದಾದ ಒಬ್ಬ ಎಸ್‌ಐ ಇದ್ದರೇ? ಇದ್ದಿದ್ದರೆ ವದಂತಿ ಹುಟ್ಟುತ್ತಲೇ ಇರಲಿಲ್ಲ ಎಂದಲ್ಲ. ಆದರೆ ಅದು ಹೊನ್ನಾವರದಿಂದ ಕುಮಟಾಕ್ಕೆ, ಕುಮಟಾದಿಂದ ಶಿರಸಿಗೆ ಅಷ್ಟು ಸಲೀಸಾಗಿ ಪ್ರಯಾಣಿಸುತ್ತಿರಲಿಲ್ಲ. ನಂಬಿಕೆ ಎಂಬುದು ಗಲಭೆಯ ದಿನ ಮೀಸಲು ಪಡೆಯ ವ್ಯಾನಿನಲ್ಲಿ ಬಂದಿಳಿಯುವ ವಸ್ತುವಲ್ಲ. ಏನೂ ನಡೆಯದ ದಿನಗಳಲ್ಲಿ ಅದನ್ನು ಕೂಡಿಡಬೇಕಾಗುತ್ತದೆ.

ಇದು ಬರೇ ಆದರ್ಶದ ಮಾತಲ್ಲ. ಮಹಾರಾಷ್ಟ್ರದ ಭಿವಂಡಿಯನ್ನೇ ತೆಗೆದುಕೊಳ್ಳಿ. ಮಗ್ಗಗಳ ಆ ಊರು 1970ರಲ್ಲಿ ಮತ್ತು 1984ರಲ್ಲಿ ಭೀಕರ ಕೋಮುಗಲಭೆಗಳಿಗೆ ತುತ್ತಾಗಿತ್ತು. ಎಂಬತ್ತರ ದಶಕದ ಕೊನೆಯಲ್ಲಿ ಅಲ್ಲಿಗೆ ಡಿಸಿಪಿಯಾಗಿ ಬಂದ ಸುರೇಶ್ ಖೋಪಡೆಯವರು ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ನಾಯಕರನ್ನು ಕರೆದು ಚಹಾ ಕೊಟ್ಟು ಕಳುಹಿಸುವ ಸಮಿತಿಗಳಲ್ಲ ಅವು. ಒಂದೊಂದು ಮೊಹಲ್ಲಾದ ಹಿಂದೂಗಳು ಮತ್ತು ಮುಸ್ಲಿಮರು, ಕೂಲಿಗಳು, ಅಂಗಡಿಯವರು ಒಟ್ಟಿಗೆ ಕೂರುತ್ತಿದ್ದರು. ಜೊತೆಗೆ ಆ ಪ್ರದೇಶದ ಪೊಲೀಸ್ ಸಿಬ್ಬಂದಿ. ನೀರು, ಚರಂಡಿ, ಬೀದಿ ಜಗಳ, ಗಂಡ-ಹೆಂಡಿರ ತಕರಾರು ಎಲ್ಲವೂ ಅಲ್ಲಿ ಮಾತಿಗೆ ಬರುತ್ತಿತ್ತು. 1992ರ ಡಿಸೆಂಬರ್‌ನಲ್ಲಿ ಬಾಬರಿ ಮಸೀದಿ ಧ್ವಂಸವಾದಾಗ ಮುಂಬೈ ಉರಿಯಿತು. ಕೂಗಳತೆಯ ದೂರದಲ್ಲಿದ್ದ, ಅತ್ಯಂತ ಸೂಕ್ಷ್ಮ ಪ್ರದೇಶವೆಂದು ಎಲ್ಲರೂ ಹೆದರಿದ್ದ ಭಿವಂಡಿ ಶಾಂತವಾಗಿತ್ತು. ಅದೇ ಧ್ವಂಸದ ಕೆಲವೇ ತಿಂಗಳ ಬಳಿಕ, 1993ರ ಏಪ್ರಿಲ್‌ನಲ್ಲಿ, ನಮ್ಮ ಭಟ್ಕಳದಲ್ಲಿ ಬೆಂಕಿ ಹೊತ್ತಿಕೊಂಡಿತು ಮತ್ತು ತಿಂಗಳುಗಟ್ಟಲೆ ಆರಲಿಲ್ಲ. ಬಳಿಕ ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿ ಆಯೋಗ ತನಿಖೆ ನಡೆಸಿತು. 1996ರ ಏಪ್ರಿಲ್‌ನಲ್ಲಿ ಶಾಸಕ ಡಾ. ಯು. ಚಿತ್ತರಂಜನ್‌ರನ್ನು ಗುಂಡಿಟ್ಟು ಕೊಲ್ಲಲಾಯಿತು. ಅದರ ನೆರಳು ಊರಿನ ಮೇಲೆ ಬಹಳ ಕಾಲ ಬಿದ್ದಿತ್ತು. ಭಿವಂಡಿಯವರು ದೇವಚರರೂ ಅಲ್ಲ, ಭಟ್ಕಳದವರು ದುಷ್ಟರೂ ಅಲ್ಲ. ಅಲ್ಲಿ ಜನರಿಗೂ ಠಾಣೆಗೂ ನಡುವೆ ದಿನನಿತ್ಯದ ಒಂದು ದಾರಿ ಇತ್ತು. ಇಲ್ಲಿ ಇರಲಿಲ್ಲ.

ನಮ್ಮಲ್ಲಿರುವುದು ಶಾಂತಿ ಸಭೆ. ಬಕ್ರೀದ್, ಗಣೇಶ ಚತುರ್ಥಿ, ರಾಮನವಮಿ, ಮೀಲಾದ್ ಹತ್ತಿರವಾದಾಗ ಠಾಣೆಯಿಂದ ಕರೆ ಬರುತ್ತದೆ. ಹೋದ ವರ್ಷ ಬಂದವರೇ ಈ ವರ್ಷವೂ ಬರುತ್ತಾರೆ. ಹೋದ ವರ್ಷ ಹೇಳಿದ್ದನ್ನೇ ಹೇಳುತ್ತಾರೆ. 'ನಮ್ಮೂರು ಸೌಹಾರ್ದಕ್ಕೆ ಹೆಸರಾದುದು' ಎಂದು ಇಬ್ಬರು ಭಾಷಣ ಮಾಡುತ್ತಾರೆ. 'ಕಾನೂನು ಕೈಗೆತ್ತಿಕೊಂಡರೆ ಕಠಿಣ ಕ್ರಮ' ಎಂದು ಅಧಿಕಾರಿಗಳು ಎಚ್ಚರಿಸುತ್ತಾರೆ. ಫೋಟೋ ತೆಗೆಸಿಕೊಂಡು ಎಲ್ಲರೂ ಮನೆಗೆ. ಆ ಸಭೆಯಲ್ಲಿ ಮಹಿಳೆಯರೆಷ್ಟು? ಇಪ್ಪತ್ತೈದು ದಾಟದ ಯುವಕರೆಷ್ಟು? ಕಲ್ಲೆತ್ತಿಕೊಳ್ಳುವ ಸಾಧ್ಯತೆ ಇರುವುದು ಯುವಕನ ಕೈಯಲ್ಲಿ. ಅದನ್ನು ಕೆಳಗಿಡಿಸುವ ಸಾಮರ್ಥ್ಯ ಇರುವುದು ತಾಯಿಯ ಬಾಯಲ್ಲಿ. ಇವರಿಬ್ಬರೂ ಇಲ್ಲದ ಸಭೆಯಿಂದ ಶಾಂತಿ ಹೇಗೆ ಹೊರಬೀಳಬೇಕು? ನೆರೆಯ ಕೇರಳವು 2008ರಲ್ಲಿ 'ಜನಮೈತ್ರಿ ಸುರಕ್ಷಾ' ಎಂಬ ಯೋಜನೆಯನ್ನು ಆರಂಭಿಸಿ, ಬೀಟ್ ಪೊಲೀಸರನ್ನು ಮನೆ ಮನೆಗೆ ಕಳುಹಿಸಿತು. ನಮ್ಮ ರಾಜ್ಯ ಈಗ ಇಡುತ್ತಿರುವುದು ಅದೇ ದಿಕ್ಕಿನ ಹೆಜ್ಜೆ. ತಡವಾಗಿದೆ ನಿಜ. ಆದರೆ ಸ್ವಾಗತಾರ್ಹ.

ಸ್ವಾಗತಿಸುವಾಗ ಪೊಲೀಸ್ ಇಲಾಖೆಗೆ ಹೇಳಬೇಕಾದ ಮಾತನ್ನೂ ಹೇಳಬೇಕು. ಭಟ್ಕಳ ಎಂಬುದು ಒಂದು ಊರಿನ ಹೆಸರು. ಅದು ಒಬ್ಬ ವ್ಯಕ್ತಿಯ ಹೆಸರಿನ ಬಾಲವಾಗಿ ದೇಶದ ಪತ್ರಿಕೆಗಳಲ್ಲಿ ವರ್ಷಾನುಗಟ್ಟಲೆ ಅಚ್ಚಾಯಿತು. 2013ರ ಹೈದರಾಬಾದ್‌ನ ದಿಲ್‌ಸುಖ್‌ನಗರ ಸ್ಫೋಟ ಪ್ರಕರಣದಲ್ಲಿ ಯಾಸೀನ್ ಭಟ್ಕಳ್‌ಗೆ 2016ರಲ್ಲಿ ಎನ್‌ಐಎ ವಿಶೇಷ ನ್ಯಾಯಾಲಯ ಮರಣದಂಡನೆ ವಿಧಿಸಿತು. 2025ರ ಏಪ್ರಿಲ್‌ನಲ್ಲಿ ತೆಲಂಗಾಣ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಮಾಯಕರನ್ನು ಕೊಲ್ಲುವ ಕೃತ್ಯಕ್ಕೆ ಇಸ್ಲಾಮಿನಲ್ಲಿ ಕಿಂಚಿತ್ ಸ್ಥಾನವಿಲ್ಲ, ಸಹಾನುಭೂತಿಯ ಅಗತ್ಯವೂ ಇಲ್ಲ. ಆದರೆ ಒಂದಿಡೀ ಊರಿಗೆ ಶಿಕ್ಷೆ ವಿಧಿಸಿದ ನ್ಯಾಯಾಲಯ ಯಾವುದು? ಬಾಡಿಗೆ ಮನೆ ಹುಡುಕುವಾಗ, ವಿಮಾನ ನಿಲ್ದಾಣದಲ್ಲಿ ಸಾಲಿನಲ್ಲಿ ನಿಂತಾಗ, ಉದ್ಯೋಗದ ಸಂದರ್ಶನದಲ್ಲಿ 'ಯಾವೂರು?' ಎಂಬ ಪ್ರಶ್ನೆ ಬಂದಾಗ ಈ ಊರಿನ ಯುವಕ ಒಂದು ಕ್ಷಣ ತಡವರಿಸುತ್ತಾನೆ. ಬಾಗಿಲು ತಟ್ಟುವ ಪೇದೆಗೆ ಈ ತಡವರಿಕೆಯ ಅರ್ಥ ಗೊತ್ತಿರಬೇಕು.

ಆದ್ದರಿಂದ ಮೊದಲ ಭೇಟಿಯಲ್ಲಿ ಕೇಳುವ ಮೊದಲ ಪ್ರಶ್ನೆಯೇ ಎಲ್ಲವನ್ನೂ ನಿರ್ಧರಿಸುತ್ತದೆ. 'ನಿಮ್ಮ ಮಗ ಎಲ್ಲಿದ್ದಾನೆ, ಏನು ಮಾಡುತ್ತಾನೆ?' ಎಂದು ಆರಂಭಿಸಿದರೆ ಅದು ವಿಚಾರಣೆ. 'ನಿಮಗೇನಾದರೂ ತೊಂದರೆ ಇದೆಯೇ? ರಾತ್ರಿ ಬೀದಿದೀಪ ಉರಿಯುತ್ತದೆಯೇ?' ಎಂದು ಆರಂಭಿಸಿದರೆ ಅದು ಭೇಟಿ. ಗಂಡಸರು ವಿದೇಶದಲ್ಲಿರುವ ಮನೆಗೆ ಓರ್ವ ಮಹಿಳಾ ಪೇದೆಯೂ ಜೊತೆಗೆ ಬಂದರೆ ಅರ್ಧ ಭಯ ಅಲ್ಲೇ ಕರಗುತ್ತದೆ. ನವಾಯತಿ, ಕೊಂಕಣಿ, ಉರ್ದುಗಳ ನಡುವೆ ಬದುಕುವ ಅಜ್ಜಿಯೊಬ್ಬಳಿಗೆ ಬಯಲುಸೀಮೆಯಿಂದ ಬಂದ ಪೇದೆಯ ಕನ್ನಡ ಅರ್ಥವಾಗದಿರಬಹುದು. ಅದನ್ನು ಅಸಹಕಾರವೆಂದು ಭಾವಿಸಬಾರದು. ಬಹುಮುಖ್ಯವಾಗಿ, ಮುಸ್ಲಿಮ್ ಓಣಿಗೆ ಒಂದು ನಮೂನೆ, ಇತರ ಓಣಿಗಳಿಗೆ ಇನ್ನೊಂದು ನಮೂನೆ ಆಗಬಾರದು. ಸುಳ್ಳು ಸುದ್ದಿ ಹರಡಿದಾಗ ಮೊದಲ ಗಂಟೆಯಲ್ಲಿಯೇ, ಸ್ಥಳೀಯ ಠಾಣೆಯಿಂದಲೇ, ಸರಳ ಕನ್ನಡದಲ್ಲಿ ಉತ್ತರ ಬರಬೇಕು. ಮಣಿಪಾಲದ ತಜ್ಞರ ಉತ್ತರಗಳು ಬಂದಂತೆ, ಎಲ್ಲ ಮುಗಿಯುವ ಹೊತ್ತಿಗೆ ಬಂದರೆ ಪ್ರಯೋಜನವೇನು?

ಇನ್ನು ನಮ್ಮ ಮಾತು. ಪೊಲೀಸರ ತಪ್ಪುಗಳ ಪಟ್ಟಿ ಮಾಡುವಾಗ ನಮಗೆ ಸಿಗುವ ಉತ್ಸಾಹ, ನಮ್ಮ ತಪ್ಪುಗಳ ಪಟ್ಟಿ ಮಾಡುವಾಗ ಎಲ್ಲಿ ಹೋಗುತ್ತದೆ?

ಅಪರಾಧವನ್ನು ಮುಚ್ಚಿಡುವುದನ್ನು ನಾವು ಸಮುದಾಯದ ಮಾನ ಕಾಪಾಡುವುದೆಂದು ಭಾವಿಸಿಬಿಟ್ಟಿದ್ದೇವೆ. ಮಗ ಅಮಲು ಪದಾರ್ಥಕ್ಕೆ ಬಲಿಯಾಗಿದ್ದಾನೆಂದು ಗೊತ್ತಾದರೆ ಮೊದಲು ಹುಡುಕುವುದು ವೀಸಾವನ್ನು. ಅವನನ್ನು ವಿದೇಶಕ್ಕೆ ಸಾಗಿಸಿದರೆ ಸಮಸ್ಯೆ ಮುಗಿಯಿತೆಂದು ನಿಟ್ಟುಸಿರು ಬಿಡುತ್ತೇವೆ. ಅವನಿಗೆ ಆ ವಿಷವನ್ನು ಮಾರಿದವನು ಮಾತ್ರ ಅದೇ ಬೀದಿಯ ಮೂಲೆಯಲ್ಲಿ ನಿಂತು ಪಕ್ಕದ ಮನೆಯ ಹುಡುಗನಿಗಾಗಿ ಕಾಯುತ್ತಿರುತ್ತಾನೆ. ಇದು ಮಾನ ಕಾಪಾಡಿದಂತಾಯಿತೇ? ಆಸ್ತಿ ತಕರಾರು, ಸಾಲದ ಲೇವಾದೇವಿ, ದಂಪತಿಗಳ ಮನಸ್ತಾಪಗಳನ್ನು ಜಮಾಅತಿನ ಹಿರಿಯರು ಕೂತು ಬಗೆಹರಿಸುವುದು ನಮ್ಮ ಊರುಗಳ ಒಳ್ಳೆಯ ಸಂಪ್ರದಾಯ. ಆದರೆ ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯವನ್ನು ಜಮಾಅತಿನಲ್ಲಿ ರಾಜಿ ಮಾಡುವಂತಿಲ್ಲ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ, ವಿಷಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದೇ ಅಪರಾಧ. ಹೆಂಡತಿಯ ಮೈಮೇಲೆ ಬರೆ ಎಳೆದವನಿಗೆ 'ಇನ್ನು ಮುಂದೆ ಹೀಗೆ ಮಾಡಬೇಡ' ಎಂದು ಬುದ್ಧಿ ಹೇಳಿ ಕಳುಹಿಸುವುದು ಇತ್ಯರ್ಥವಲ್ಲ. ಸತ್ಯಕ್ಕೆ ಸಾಕ್ಷಿ ನಿಲ್ಲುವಾಗ ಅದು ಸ್ವತಃ ತನ್ನ ಅಥವಾ ತನ್ನ ಹೆತ್ತವರ, ಬಂಧುಗಳ ವಿರುದ್ಧವಾಗಿದ್ದರೂ ಹಿಂಜರಿಯಬಾರದೆಂದು ಕುರ್‌ಆನ್ ನಮಗೆ ಕಲಿಸಿದೆ. ಈ ಪಾಠ ಕೇವಲ ಶುಕ್ರವಾರದ ಖುತ್ಬಾಕ್ಕೆ ಸೀಮಿತವೇ?

ಹದಿನಾರು ವರ್ಷದ ಮಗನಿಗೆ ಬೈಕ್ ಕೊಡಿಸುವುದು ಇನ್ನೊಂದು ರೋಗ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಡಿ ಅಪ್ರಾಪ್ತ ವಯಸ್ಕ ವಾಹನ ಚಲಾಯಿಸಿ ಅಪರಾಧ ಎಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲಕರಿಗೆ ಮೂರು ವರ್ಷದ ವರೆಗೆ ಜೈಲು, 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಹೆದ್ದಾರಿ 66ರಲ್ಲಿ ಆ ಹುಡುಗ ಯಾರಿಗಾದರೂ ಢಿಕ್ಕಿ ಹೊಡೆದರೆ ಅದು ಅಪಘಾತವಾಗಿ ಉಳಿಯುವುದಿಲ್ಲ. ಬಿದ್ದವನ ಧರ್ಮ ಮತ್ತು ಹೊಡೆದವನ ಧರ್ಮ ಬೇರೆಯಾಗಿದ್ದರೆ ಅರ್ಧ ಗಂಟೆಯಲ್ಲಿ ಜನ ಸೇರುತ್ತಾರೆ. ಹಾಗೆಯೇ, ಸಾವಿರ-ಎರಡು ಸಾವಿರದ ಆಸೆಗೆ ತಮ್ಮ ಬ್ಯಾಂಕ್ ಖಾತೆಯನ್ನು ಅಪರಿಚಿತರಿಗೆ ಬಳಸಲು ಕೊಡುವ ವಿದ್ಯಾರ್ಥಿಗಳಿಗೆ, ಆ ಖಾತೆಯಲ್ಲಿ ಸೈಬರ್ ವಂಚಕರ ಹಣ ಹರಿದರೆ ತಾವೂ ಆರೋಪಿಗಳಾಗುತ್ತೇವೆಂಬ ಅರಿವಿಲ್ಲ. ಮೊಬೈಲಿಗೆ ಬಂದ ಪ್ರಚೋದಕ ವೀಡಿಯೋವನ್ನು ನಾಲ್ಕು ಗುಂಪುಗಳಿಗೆ ದಾಟಿಸುವವನಿಗೂ ಅರಿವಿಲ್ಲ. ದುಷ್ಟನೊಬ್ಬ ಸುದ್ದಿ ತಂದರೆ ಪರಿಶೀಲಿಸದೆ ನಂಬಿ ಜನರಿಗೆ ಹಾನಿ ಮಾಡಿ ಪಶ್ಚಾತ್ತಾಪಪಡಬೇಡಿ ಎಂಬ ಅರ್ಥದ ಆಜ್ಞೆ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದಲ್ಲಿದೆ. ಹೊನ್ನಾವರದ ಘಟನೆಯಲ್ಲಿ ಸುಳ್ಳು ಸುದ್ದಿಯಿಂದ ನಾವು ನೊಂದೆವು ಎಂದು ದೂರುವಾಗ, ಇನ್ನೊಂದು ಸಮುದಾಯದ ಬಗ್ಗೆ ಬಂದ ಸುಳ್ಳು ಸುದ್ದಿಯನ್ನು ನಾವೆಷ್ಟು ಬಾರಿ ಪರಿಶೀಲಿಸಿದ್ದೇವೆ ಎಂದೂ ಕೇಳಿಕೊಳ್ಳಬೇಕು.

ಕಲ್ಲೆಸೆತಕ್ಕೂ ಪಾಸ್‌ಪೋರ್ಟಿಗೂ ಇರುವ ಸಂಬಂಧವನ್ನು ಪ್ರತಿ ಮನೆಯಲ್ಲೂ ಊಟದ ಸುಪ್ರಾದ ಸುತ್ತ ಕೂತು ಮಾತಾಡಬೇಕು. 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ, ನ್ಯಾಯಾಲಯದಲ್ಲಿ ಕ್ರಿಮಿನಲ್ ಪ್ರಕರಣ ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಒಂದು ಸಂಜೆಯ ಆವೇಶದಲ್ಲಿ ಎಸೆದ ಒಂದು ಕಲ್ಲು ಹತ್ತು ವರ್ಷಗಳ ಜೀವನೋಪಾಯವನ್ನು ಒಡೆಯಬಲ್ಲುದು. ಪ್ರಚೋದಿಸಿದ ನಾಯಕನ ಪಾಸ್‌ಪೋರ್ಟ್ ಮಾತ್ರ ಅವನ ಕಪಾಟಿನಲ್ಲಿ ಸುರಕ್ಷಿತವಾಗಿರುತ್ತದೆ.

ಭಯವನ್ನು ಕಳೆಯುವ ಇನ್ನೊಂದು ಮದ್ದು ತಿಳುವಳಿಕೆ. ಠಾಣೆಗೆ ಹೋಗಬೇಕಾದಾಗ ನಾವು ಮೊದಲು ಹುಡುಕುವುದು 'ಸಾಹೇಬರಿಗೆ ಪರಿಚಯವಿರುವ' ಯಾರನ್ನಾದರೂ. ಆತ ಎರಡೂ ಕಡೆಯಿಂದ ಲಾಭ ಪಡೆಯುತ್ತಾನೆ ಮತ್ತು ಪೊಲೀಸರೆಂದರೆ ಹಣ ಎಂಬ ನಂಬಿಕೆಯನ್ನು ಗಟ್ಟಿಗೊಳಿಸುತ್ತಾನೆ. ಆದರೆ ಕಾನೂನು ಏನು ಹೇಳುತ್ತದೆ? ಗಂಭೀರ ಅಪರಾಧದ ಮಾಹಿತಿ ಕೊಟ್ಟಾಗ ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದು ಸುಪ್ರೀಮ್ ಕೋರ್ಟ್ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಅಪರಾಧ ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಅದರ ಪ್ರತಿ ಉಚಿತವಾಗಿ ಸಿಗಬೇಕು. ಮುರ್ಡೇಶ್ವರದಲ್ಲಿ ಕಿರುಕುಳಕ್ಕೊಳಗಾದ ಹೆಣ್ಣುಮಗಳು ಕುಮಟಾದ ಠಾಣೆಯಲ್ಲಿ ದೂರು ನೀಡಿದರೂ 'ಅದು ನಮ್ಮ ವ್ಯಾಪ್ತಿಯಲ್ಲ' ಎಂದು ಹಿಂದಕ್ಕೆ ಕಳುಹಿಸುವಂತಿಲ್ಲ. ಯಾರನ್ನಾದರೂ ಬಂಧಿಸಿದರೆ ಅದನ್ನು ಮನೆಯವರಿಗೋ ಗೆಳೆಯರಿಗೋ ತಿಳಿಸಬೇಕು. ಸಾಕ್ಷಿಯಾಗಿ ವಿಚಾರಿಸಲು ಮಹಿಳೆಯರನ್ನು, ಹದಿನೈದು ವರ್ಷದೊಳಗಿನ ಮತ್ತು ಅರುವತ್ತು ದಾಟಿದವರನ್ನು ಠಾಣೆಗೆ ಬರುವಂತೆ ಒತ್ತಾಯಿಸುವಂತಿಲ್ಲ. ಅವರ ಮನೆಯಲ್ಲೇ ವಿಚಾರಿಸಬೇಕು. ಠಾಣೆಗಳಲ್ಲಿ ಸಿಸಿಟಿವಿ ಇರಬೇಕೆಂದು 2020ರಲ್ಲಿ ಸುಪ್ರೀಮ್ ಕೋರ್ಟ್ ಆದೇಶಿಸಿದೆ. ಇವನ್ನು ತಿಳಿದ ತಾಯಿ ಬಾಗಿಲಲ್ಲಿ ನಡುಗುವುದಿಲ್ಲ, ಒರಟಾಗಿಯೂ ಮಾತಾಡುವುದಿಲ್ಲ. ಹೆಸರು ಕೇಳುತ್ತಾಳೆ, ಠಾಣೆ ಯಾವುದೆಂದು ಕೇಳುತ್ತಾಳೆ, ನೀರು ಕೊಡುತ್ತಾಳೆ, ಹೇಳಬೇಕಾದುದನ್ನು ಹೇಳುತ್ತಾಳೆ.

ಕೊನೆಗೊಂದು ಕಹಿ ಸತ್ಯ. ಠಾಣೆಯಲ್ಲಿ ನಮ್ಮವರಿಲ್ಲ ಎಂದು ನಾವು ದೂರುತ್ತೇವೆ. ಪೊಲೀಸ್ ಪಡೆಗಳಲ್ಲಿ ಮುಸ್ಲಿಮರ ಪಾಲು ಅವರ ಜನಸಂಖ್ಯೆಗಿಂತ ಬಹಳ ಕಡಿಮೆ ಎಂಬುದನ್ನು 2006ರ ಸಾಚಾರ್ ವರದಿಯೂ ತೋರಿಸಿತ್ತು. ತಾರತಮ್ಯದ ಪ್ರಶ್ನೆ ಇದೆ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಅರ್ಜಿ ಹಾಕಿದವರೆಷ್ಟು? ಪಿಯುಸಿ ಮುಗಿಸಿದ ನಮ್ಮ ಹುಡುಗನಿಗೆ ದುಬೈಯ ಅಂಗಡಿಯ ಕನಸು ಬೀಳುತ್ತದೆ. ಪೇದೆಯ ಹುದ್ದೆಯ ಕನಸು ಬೀಳುವುದಿಲ್ಲ. ಪೇದೆಯ ಕೆಲಸವನ್ನು ನಾವು ಕೀಳೆಂದು ಬಗೆದಿದ್ದೇವೆ. 2025ರ ಮೇಯಲ್ಲಿ ಡಾ. ಎಂ.ಎ. ಸಲೀಂ ರಾಜ್ಯ ಪೊಲೀಸ್ ಪಡೆಯ ಮುಖ್ಯಸ್ಥರಾಗಿ ನೇಮಕಗೊಂಡಾಗ ನಮ್ಮ ಮೊಬೈಲ್‌ಗಳ ತುಂಬ ಅಭಿನಂದನೆಗಳು ಹರಿದಾಡಿದುವು. ಹೆಮ್ಮೆಪಡೋಣ. ಆದರೆ ಮಹಾನಿರ್ದೇಶಕರು ನಮ್ಮ ಬಾಗಿಲು ತಟ್ಟುವುದಿಲ್ಲ. ಬಾಗಿಲು ತಟ್ಟುವುದು ಪೇದೆ. ಅವರ ಸಾಲಿನಲ್ಲಿ ನಮ್ಮ ಮಕ್ಕಳು, ವಿಶೇಷವಾಗಿ ನಮ್ಮ ಹೆಣ್ಣುಮಕ್ಕಳು, ಇಲ್ಲದಿರುವಾಗ ಮೇಲಿನ ಒಂದು ಕುರ್ಚಿಯಿಂದ ಓಣಿಯ ಭಯ ಕಳೆಯುವುದಿಲ್ಲ.

1912ರಲ್ಲಿ ಮಜ್ಲಿಸೆ ಇಸ್ಲಾಹ್ ವ ತಂಝೀಮ್ ಅನ್ನು, 1919ರಲ್ಲಿ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಅನ್ನು ಕಟ್ಟಿದ ಊರು ಭಟ್ಕಳ. ಸರಕಾರ ಏನಾದರೂ ಮಾಡಲಿ ಎಂದು ಕಾಯದೆ ಶಾಲೆ-ಕಾಲೇಜುಗಳನ್ನು ಎಬ್ಬಿಸಿದ ಜನ ಇವರು. ಇಂಥ ಊರಿಗೆ ಮೊಹಲ್ಲಾಕ್ಕೊಂದು ಸಮಿತಿಯನ್ನು ರಚಿಸುವುದು ಕಷ್ಟವೇ? ಆ ಸಮಿತಿಯಲ್ಲಿ ಪಕ್ಕದ ಕೇರಿಯ ನಾಯ್ಕರೂ, ಮೊಗೇರರೂ, ಕೊಂಕಣಿಗರೂ ಇರಲಿ. ಇಬ್ಬರು ಮಹಿಳೆಯರಿರಲಿ, ಇಬ್ಬರು ಕಾಲೇಜು ವಿದ್ಯಾರ್ಥಿಗಳಿರಲಿ. ಮಸೀದಿ ಸಮಿತಿಗಳು ವರ್ಷಕ್ಕೊಮ್ಮೆ ಎಸ್ಪಿಯವರಿಗೆ ಶಾಲು ಹೊದೆಸುವ ಬದಲು ತಿಂಗಳಿಗೊಮ್ಮೆ ಬೀಟ್ ಪೇದೆಯನ್ನು ಕರೆದು ಕೂರಿಸಿಕೊಳ್ಳಲಿ. ತುರ್ತಿಗೆ 112, ಸೈಬರ್ ವಂಚನೆಗೆ 1930, ಮಕ್ಕಳ ನೆರವಿಗೆ 1098 - ಈ ಮೂರು ಸಂಖ್ಯೆಗಳು ಪ್ರತಿ ಮನೆಯ ಅಡುಗೆಕೋಣೆಯ ಗೋಡೆಯಲ್ಲಿರಲಿ. ಅವುಗಳ ಕೆಳಗೆ ನಾಲ್ಕನೆಯದಾಗಿ ಆ ಬೀಟ್ ಪೇದೆಯ ಹೆಸರು ಮತ್ತು ಸಂಖ್ಯೆ ಇರಲಿ.

ಹೊನ್ನಾವರದ ಕೆರೆಯ ದಂಡೆಯಲ್ಲಿ ಅಂದು ಮಗನನ್ನು ಕಳಕೊಂಡ ತಾಯಿಗೂ, ಮಗನನ್ನು ಪೊಲೀಸ್ ಜೀಪು ಹತ್ತಿಸಿದ್ದನ್ನು ನೋಡಿದ ತಾಯಿಗೂ ಬೇಕಾಗಿದ್ದುದು ಒಂದೇ: ನಿಜ ಹೇಳುವ ಒಬ್ಬ ಮನುಷ್ಯ. ಅಂಥ ಮನುಷ್ಯನನ್ನು ಸರಕಾರ ಈಗ ನಮ್ಮ ಬಾಗಿಲಿಗೆ ಕಳುಹಿಸುವುದಾಗಿ ಹೇಳುತ್ತಿದೆ. ಆತ ನಿಜವನ್ನೇ ಹೇಳುವಂತೆ ನೋಡಿಕೊಳ್ಳುವುದು ಇಲಾಖೆಯ ಹೊಣೆ. ಆತನಿಗೆ ನಿಜವನ್ನೇ ಹೇಳುವುದು ನಮ್ಮ ಹೊಣೆ. ಬಾಗಿಲ ಚಿಲಕ ನಮ್ಮ ಕೈಯಲ್ಲಿದೆ. ಭಯವನ್ನು ಬದಿಗಿಟ್ಟು ತೆರೆಯೋಣ.